ಮೀನು ತಿಂದಿದ್ದೇ ನಾವು ತಿನ್ನೋದು: ಸಾಕಿದ ಸಮುದ್ರ ಮೀನಿನ ಬಗ್ಗೆ ಮಂಡ್ಯದಲ್ಲಿ ಆಡಿದ ಮಾತು

ಇದು ಮಂಡ್ಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಹಾಲಲ್ಲಿ ಫ್ಯಾನ್ ಸದ್ದು ಜಾಸ್ತಿ ಇತ್ತು, ಹಿಂದಿನ ಸಾಲಲ್ಲಿ ಕೂತೋರು ನಮಗೆ ಅರ್ಧ ಕೇಳಿಸ್ಲಿಲ್ಲ ಮೇಡಮ್ ಬರೆದುಕೊಡಿ ಅಂದ್ರು, ಅದಕ್ಕೆ ಬರೆದಿದ್ದೀನಿ. ಆಡುಮಾತನ್ನ ತಿದ್ದೋಕೆ ಹೋಗಿಲ್ಲ, ಮಧ್ಯೆ ಮಧ್ಯೆ ಜನ ಕೇಳಿದ್ದನ್ನೂ ಅಲ್ಲಲ್ಲೇ ಸೇರಿಸಿದ್ದೀನಿ.

ಎಲ್ರಿಗೂ ನಮಸ್ಕಾರ. ಭಾನುವಾರ ಹತ್ತೂವರೆ ಅಂದ್ರೆ ನಮ್ಮ ಕಡೆ ಮಟನ್ ಅಂಗಡೀಲೋ ಮೀನಿನ ಅಂಗಡೀಲೋ ಕ್ಯೂ ನಿಲ್ಲೋ ಟೈಮು, ಅದನ್ನ ಬಿಟ್ಟು ಬಂದಿದ್ದೀರಿ, ಹಾಗಾಗಿ ಹೆಚ್ಚು ಪೀಠಿಕೆ ಹಾಕಲ್ಲ, ನೇರ ವಿಷಯಕ್ಕೆ ಬರ್ತೀನಿ.

ನನಗೆ ಪಾಠ ಮಾಡೋವಾಗಲೂ ಸರಿ, ಮದುವೆ ಮನೇಲಿ ಸಿಕ್ಕೋರೂ ಸರಿ, ಕೇಳೋದು ಒಂದೇ. ಸಾಕಿದ ಮೀನು ತಿನ್ಬೋದಾ, ಅದರಲ್ಲಿ ಏನಾದ್ರೂ ಸತ್ವ ಇರುತ್ತಾ, ಇಲ್ಲಾ ಬ್ರಾಯ್ಲರ್ ಕೋಳಿ ಥರ ಬರೀ ಊದಿರುತ್ತಾ. ಮೊದಲು ಈ ಪ್ರಶ್ನೆ ಮಂಡ್ಯ ಮೈಸೂರಲ್ಲಿ ಬರ್ತಾ ಇರ್ಲಿಲ್ಲ, ಯಾಕಂದ್ರೆ ಕೆರೆ ಮೀನು ಅಂದ್ರೆ ಹೇಗಿದ್ರೂ ಬಿತ್ತನೆ ಮರಿ ಬಿಟ್ಟು ಬೆಳೆಸಿದ್ದು, ಸಮುದ್ರದ ಮೀನು ಅಂದ್ರೆ ಹೇಗಿದ್ರೂ ಮಂಗಳೂರು ಕಡೆಯಿಂದ ಐಸಲ್ಲಿ ಲಾರೀಲಿ ರಾತ್ರಿ ಹೊರಟು ಬೆಳಿಗ್ಗೆ ಬಂದಿದ್ದು. ಈಗ ಹಾಗಿಲ್ಲ. ಮೈಸೂರಿನ ದೊಡ್ಡ ಸೂಪರ್ ಮಾರ್ಕೆಟ್‌ಗಳ ಫ್ರೀಜರಲ್ಲಿ ಕೇಸರಿ ಬಣ್ಣದ ಸಾಲ್ಮನ್ ತುಂಡು ಪ್ಯಾಕ್ ಮಾಡಿ ಇಟ್ಟಿರ್ತಾರೆ, ಅಟ್ಲಾಂಟಿಕ್ ಸಾಲ್ಮನ್ ಅಂತ ಬರೆದಿದ್ರೆ ಅದು ಹೆಚ್ಚುಕಮ್ಮಿ ಖಂಡಿತ ಸಾಕಿದ್ದೇ. ಹೋಟೆಲಲ್ಲಿ ಗ್ರಿಲ್ಡ್ ಸೀಬಾಸ್ ಅಂತ ಮೆನು ಕಾರ್ಡಲ್ಲಿರುತ್ತೆ, ಅದೂ ಬಹಳ ಕಡೆ ಸಾಕಿದ್ದೇ. ಅಂಗಡಿಯೋರು ಇಂಡಿಯನ್ ಸಾಲ್ಮನ್ ಅಂತ ಇನ್ನೊಂದು ಕೊಡ್ತಾರೆ, ಅದು ಮಾತ್ರ ಸಾಲ್ಮನ್ ಜಾತೀನೇ ಅಲ್ಲ, ನಮ್ಮ ಅರಬ್ಬೀ ಸಮುದ್ರದ ರಾವಸ್ ಮೀನು, ಒಳ್ಳೆ ಮೀನೇ, ಆದ್ರೆ ಇವತ್ತಿನ ಲೆಕ್ಕ ಅದಕ್ಕೆ ಅನ್ವಯ ಆಗಲ್ಲ.

ಇದೇನೂ ಸಣ್ಣ ವಿಷಯ ಅಲ್ಲ ಕಣ್ರೀ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದ್ರೆ ಎಫ್‌ಎಒ 2024ರಲ್ಲಿ ಕೊಟ್ಟ ವರದಿ ಪ್ರಕಾರ 2022ರಲ್ಲಿ ಮೊದಲ ಸಲ ಪ್ರಪಂಚದಲ್ಲಿ ಸಾಕಿ ಬೆಳೆಸಿದ ಮೀನು ಸೀಗಡಿ ಚಿಪ್ಪು ಎಲ್ಲ ಸೇರಿ ಹಿಡಿದು ತಂದಿದ್ದಕ್ಕಿಂತ ಜಾಸ್ತಿ ಆಯ್ತು, 9.44 ಕೋಟಿ ಟನ್, ಒಟ್ಟು ಲೆಕ್ಕದಲ್ಲಿ ನೂರಕ್ಕೆ 51. ಅಂದ್ರೆ ಸಾಕಿದ್ದು ಬೇಡ ಹಿಡಿದಿದ್ದೇ ಬೇಕು ಅಂತ ಎಲ್ಲರೂ ಹಠ ಹಿಡಿದ್ರೆ ಪ್ರಪಂಚದ ಅರ್ಧ ತಟ್ಟೆ ಖಾಲಿ.

ಈಗ ಸತ್ವದ ವಿಷಯ. ಮೈಸೂರಲ್ಲಿ ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆ 1950ರಲ್ಲಿ ಚೆಲುವಾಂಬ ಮ್ಯಾನ್ಷನಲ್ಲಿ ಶುರುವಾದಾಗ ದೇಶದ ಚಿಂತೆ ಎಲ್ಲಾ ಪ್ರೋಟೀನ್ ಬಗ್ಗೆ, ಕಡಲೆಕಾಯಿ ಹಿಂಡೀನ ಜನ ತಿನ್ನೋ ಥರ ಹೇಗೆ ಮಾಡೋದು ಅಂತ ಅಲ್ಲಿ ವಿಜ್ಞಾನಿಗಳು ತಲೆ ಕೆಡಿಸ್ಕೊಂಡಿದ್ರು. ಪ್ರೋಟೀನ್ ಮಟ್ಟಿಗೆ ಹೇಳೋದಾದ್ರೆ ಮೀನಿನ ಪ್ರಶ್ನೆ ಅಲ್ಲೇ ಮುಗೀತು. ಸಾಕಿದ್ದಾಗ್ಲಿ ಹಿಡಿದಿದ್ದಾಗ್ಲಿ ನೂರು ಗ್ರಾಂ ಮಾಂಸದಲ್ಲಿ ಸುಮಾರು 18ರಿಂದ 20 ಗ್ರಾಂ ಪ್ರೋಟೀನ್, ಅದೂ ಒಳ್ಳೆ ದರ್ಜೆದು, ಯಾಕಂದ್ರೆ ಮಾಂಸಖಂಡ ಹೇಗೆ ಕಟ್ಟಬೇಕು ಅನ್ನೋದು ಮೀನಿನ ಹುಟ್ಟುಗುಣದಲ್ಲೇ ಬರೆದಿದೆ, ಮೇವು ಬದಲಾಯಿಸಿದ್ರೂ ಅದು ಬದಲಾಗಲ್ಲ. ಬಿ12 ಕೂಡ ಚೆನ್ನಾಗೇ ಇರುತ್ತೆ. ಹಾಗಾಗಿ ಸಾಕಿದ ಮೀನಲ್ಲಿ ಸತ್ವಾನೇ ಇಲ್ಲ ಅನ್ನೋರ ಮಾತನ್ನ ನೀವು ಅಲ್ಲೇ ನಿಲ್ಲಿಸ್ಬೋದು.

ಬದಲಾಗೋದು ಕೊಬ್ಬು. ಎಷ್ಟು ಅನ್ನೋದೂ ಬದಲಾಗುತ್ತೆ, ಎಂಥದ್ದು ಅನ್ನೋದೂ ಬದಲಾಗುತ್ತೆ. ಸಮುದ್ರದ ಮೀನನ್ನ ಡಾಕ್ಟ್ರು ತಿನ್ನಿ ಅಂತ ಹೇಳೋದೇ ಆ ಕೊಬ್ಬಿಗೋಸ್ಕರ, ಅದರಲ್ಲಿರೋ ಒಮೆಗಾ-3 ಅನ್ನೋ ಒಳ್ಳೆ ಥರದ ಕೊಬ್ಬಿಗೆ, ಅದರಲ್ಲೂ ಇಪಿಎ ಡಿಎಚ್‌ಎ ಅನ್ನೋ ಎರಡಕ್ಕೆ. ಇವತ್ತಿನ ಮಾತು ಪೂರ್ತಿ ಈ ಎರಡರ ಸುತ್ತಾನೇ ತಿರುಗುತ್ತೆ, ಬೇಜಾರಾದ್ರೆ ಕೈ ಎತ್ತಿ.

ಬಹಳ ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ ಈ ಒಮೆಗಾ-3ನ ಮೀನು ತಯಾರು ಮಾಡಲ್ಲ. ಕಣ್ಣಿಗೆ ಕಾಣದ ಪಾಚಿ, ಸಮುದ್ರದ ನೀರಲ್ಲಿ ತೇಲೋ ಸೂಕ್ಷ್ಮ ಪಾಚಿ, ಅವು ಮಾಡ್ತವೆ. ಅದನ್ನ ಸಣ್ಣ ಸಣ್ಣ ಜೀವಿಗಳು ತಿಂತವೆ, ಅವನ್ನ ಬೂತಾಯಿ ಬಂಗುಡೆ ಥರದ ಸಣ್ಣ ಮೀನು ತಿಂತವೆ, ಬೂತಾಯೀನ ಅಂಜಲ್ ಥರದ ದೊಡ್ಡ ಮೀನು ತಿನ್ನುತ್ತೆ, ಹೀಗೆ ಮೇಲಕ್ಕೆ ಸಾಗುತ್ತೆ. ಸೀಬಾಸ್ ಕೋಬಿಯಾ ಥರದ ಸಮುದ್ರ ಮೀನಿಗಂತೂ ಸೋಯಾ ಎಣ್ಣೆ ಕೊಟ್ಟು ಇದನ್ನ ನೀನೇ ಡಿಎಚ್‌ಎ ಮಾಡ್ಕೋ ಅಂದ್ರೆ ಆಗೋದೇ ಇಲ್ಲ ಅನ್ನೋವಷ್ಟು ಕಮ್ಮಿ, ಲಕ್ಷಾಂತರ ವರ್ಷದಿಂದ ಬಾಯಿಗೇ ಸಿದ್ಧವಾಗಿ ಬರ್ತಾ ಇದ್ದಿದ್ದರಿಂದ ಮಾಡ್ಕೊಳ್ಳೋ ಶಕ್ತಿ ಉಳಿಸ್ಕೊಂಡಿಲ್ಲ. ಕೆರೆ ಹೊಳೆ ಮೀನುಗಳಿಗೆ ಆ ಶಕ್ತಿ ಸ್ವಲ್ಪ ಇದೆ, ಸಾಲ್ಮನ್‌ಗೂ ಸ್ವಲ್ಪ ಇದೆ, ಅದು ಹೊಳೇಲಿ ಹುಟ್ಟಿ ಸಮುದ್ರಕ್ಕೆ ಹೋಗೋ ಮೀನು.

ಬೂತಾಯಿ ಬಗ್ಗೆ ಒಂದು ನಿಮಿಷ ಜಾಸ್ತಿ ತಗೋತೀನಿ, ಇದು ಅರ್ಥ ಆದ್ರೆ ಉಳಿದಿದ್ದು ತಾನೇ ಅರ್ಥ ಆಗುತ್ತೆ. ಒಂದೇ ಬೂತಾಯಿ, ಒಂದೇ ಕರಾವಳಿ, ಆದ್ರೆ ವರ್ಷದಲ್ಲಿ ಒಂದು ಟೈಮಲ್ಲಿ ಅದರಲ್ಲಿ ಕೊಬ್ಬು ನೂರಕ್ಕೆ ಮೂರು ಇದ್ರೆ ಇನ್ನೊಂದು ಟೈಮಲ್ಲಿ ಹದಿನೈದು ದಾಟುತ್ತೆ. ಮುಂಗಾರಲ್ಲಿ ಮೊಟ್ಟೆ ಇಡೋ ಹೊತ್ತಿಗೆ ಮೀನು ಸೊರಗಿರುತ್ತೆ. ಅದೇ ಮುಂಗಾರು ಗಾಳಿಗೆ ಸಮುದ್ರದ ತಳದ ತಣ್ಣನೆ ನೀರು ಮೇಲೆ ಬರುತ್ತೆ, ಆ ನೀರಲ್ಲಿ ಗೊಬ್ಬರದಂಥ ಪೋಷಕಾಂಶ ಇರುತ್ತೆ, ಡಯಾಟಮ್ ಅನ್ನೋ ಪಾಚಿ ಎದ್ದು ಬೆಳೆಯುತ್ತೆ, ಬೂತಾಯಿ ಅದನ್ನ ಮುಕ್ಕಿ ಮುಕ್ಕಿ ತಿಂದು ಮಳೆ ಮುಗಿದ ಮೇಲೆ ಅಕ್ಟೋಬರ್ ನವೆಂಬರ್ ಹೊತ್ತಿಗೆ ತವಾ ಮೇಲೆ ಹಾಕಿದ್ರೆ ತನ್ನ ಎಣ್ಣೇಲಿ ತಾನೇ ಬೇಯೋ ಹಂಗೆ ಆಗಿರುತ್ತೆ. ಅಂದ್ರೆ ಹಿಡಿದ ಮೀನಲ್ಲೂ ಸತ್ವ ಅನ್ನೋದು ಒಂದೇ ನಂಬರ್ ಅಲ್ಲ, ಅದು ಏನು ತಿಂತು ಯಾವಾಗ ತಿಂತು ಅನ್ನೋದರ ಮೇಲೆ. ಇದನ್ನ ಯಾಕೆ ಹೇಳ್ದೆ ಅಂದ್ರೆ ಸಾಕಿದ ಮೀನನ್ನ ಬೈಯೋರು ಹಿಡಿದ ಮೀನು ಅಂದ್ರೆ ವರ್ಷಪೂರ್ತಿ ಒಂದೇ ಥರ ಅನ್ಕೊಂಡಿರ್ತಾರೆ.

ಸರಿ, ಈಗ ಸಾಲ್ಮನ್. ನಾರ್ವೇಲಿ 1970ರ ಹೊತ್ತಿಗೆ ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿ ಸಾಲ್ಮನ್ ಸಾಕೋದು ಶುರುವಾಯ್ತು. ಮೊದಲು ಮೇವು ಏನು ಅಂದ್ರೆ ಮೀನೇ. ಪೆರು ದೇಶದ ಆಂಚೋವಿ ಥರದ ಸಣ್ಣ ಮೀನನ್ನ ಬೇಯಿಸಿ ಹಿಂಡಿ ಪುಡಿ ಮಾಡಿದ್ದು ಫಿಶ್ ಮೀಲ್, ಹಿಂಡಿದಾಗ ಬಂದಿದ್ದು ಫಿಶ್ ಆಯಿಲ್. 1990ರಲ್ಲಿ ನಾರ್ವೆ ಸಾಲ್ಮನ್ ಮೇವಲ್ಲಿ ನೂರಕ್ಕೆ ತೊಂಬತ್ತು ಭಾಗ ಸಮುದ್ರದಿಂದ ಬಂದಿದ್ದೇ. 2013ಕ್ಕೆ ಅದು ಮೂವತ್ತರ ಆಸುಪಾಸಿಗೆ ಇಳೀತು, 2020ಕ್ಕೆ ಕಾಲು ಭಾಗಕ್ಕಿಂತ ಕಮ್ಮಿ. ಉಳಿದಿದ್ದು ಸೋಯಾ, ಗೋಧಿ ಗ್ಲುಟನ್, ರೇಪ್‌ಸೀಡ್ ಎಣ್ಣೆ, ಅಂದ್ರೆ ನಮ್ಮ ಸಾಸಿವೆ ಬಳಗದ ಒಂದು ಗಿಡದ ಎಣ್ಣೆ. ಯಾಕೆ ಹಿಂಗೆ ಮಾಡಿದ್ರು ಅಂದ್ರೆ ಬೇರೆ ದಾರಿ ಇರ್ಲಿಲ್ಲ, ಪ್ರಪಂಚದಲ್ಲಿ ವರ್ಷಕ್ಕೆ ಸಿಗೋ ಮೀನೆಣ್ಣೆ ಸುಮಾರು ಹತ್ತು ಲಕ್ಷ ಟನ್, ಅದು ದಶಕಗಳಿಂದ ಹೆಚ್ಚುಕಮ್ಮಿ ಅಷ್ಟೇ ನಿಂತಿದೆ, ಸಾಕಣೆ ಮಾತ್ರ ಬೆಳೀತಾನೇ ಇದೆ. ಇದ್ದಿದ್ದನ್ನೇ ಹೆಚ್ಚು ಮೀನಿಗೆ ಹಂಚಬೇಕು, ಅಷ್ಟೇ.

ಇಲ್ಲಿ ಹಾಲು ಹಾಕೋರು ಎಷ್ಟೋ ಜನ ಇದ್ದೀರಿ, ನಿಮಗೆ ಇದನ್ನ ವಿವರಿಸೋದೇ ಬೇಡ. ಹಸಿ ಹುಲ್ಲು ಮೇಯ್ದ ನಾಟಿ ಹಸು ಬೆಣ್ಣೆ ಹಳದಿ ಇರುತ್ತೆ, ಬರೀ ಒಣ ಹುಲ್ಲು ಹಾಕಿದ್ರೆ ಬೆಳ್ಳಗಾಗುತ್ತೆ, ಹಸು ಅದೇ, ಕೆಚ್ಚಲು ಅದೇ. ಮೀನಿನ ಕೊಬ್ಬು ಇದಕ್ಕಿಂತ ಹೆಚ್ಚು ಮೇವಿನ ಮಾತು ಕೇಳುತ್ತೆ, ರೇಪ್‌ಸೀಡ್ ಎಣ್ಣೆ ಹಾಕಿದ್ರೆ ಮೀನಿನ ಮಾಂಸದಲ್ಲೂ ರೇಪ್‌ಸೀಡ್ ಎಣ್ಣೆ ಗುರುತೇ ಕಾಣುತ್ತೆ.

ಎಷ್ಟು ಕಾಣುತ್ತೆ ಅನ್ನೋದಕ್ಕೆ ಒಂದು ಒಳ್ಳೆ ಲೆಕ್ಕ ಇದೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಯೂನಿವರ್ಸಿಟಿಯೋರು 2006ರಿಂದ 2015ರವರೆಗೆ ಸಾಕಿದ ಮೂರು ಸಾವಿರಕ್ಕೂ ಹೆಚ್ಚು ಸಾಲ್ಮನ್ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟ ಮಾಡಿದ್ರು. 2006ರಲ್ಲಿ ನೂರು ಗ್ರಾಂ ಮಾಂಸದಲ್ಲಿ ಇಪಿಎ ಡಿಎಚ್‌ಎ ಎರಡೂ ಸೇರಿ 2.74 ಗ್ರಾಂ ಇದ್ದಿದ್ದು 2015ಕ್ಕೆ 1.36 ಗ್ರಾಂ. ಹತ್ತೇ ವರ್ಷಕ್ಕೆ ಅರ್ಧ. ಮೊದಲು ವಾರಕ್ಕೆ ಒಂದು ತುಂಡು ತಿಂದ್ರೆ ಸಾಕಾಗ್ತಿತ್ತು, ಈಗ ಎರಡು ತುಂಡು ಬೇಕು ಅಂತ ಅವರೇ ಹೇಳಿದ್ರು. ಮೀನು ಅದೇ ಸೈಜು ಅದೇ ಬಣ್ಣ ಅದೇ ರುಚಿ, ಪ್ಯಾಕೆಟ್ ಮೇಲೆ ಒಮೆಗಾ-3 ಸಮೃದ್ಧ ಅಂತ ಅದೇ ಮಾತು. ನನಗೆ ಕೋಪ ಬರೋದು ಮೇವು ಬದಲಾಯಿಸಿದ್ದಕ್ಕಲ್ಲ, ಅದಕ್ಕೆ ಕಾರಣ ಇದೆ, ಬದಲಾಯಿಸಿದ್ದನ್ನ ಕೊಳ್ಳೋರಿಗೆ ಹೇಳದೇ ಇದ್ದಿದ್ದಕ್ಕೆ.

ಹಾಗಂತ ಕೂಡ್ಲೇ ಸಾಕಿದ್ದು ದಂಡ ಅನ್ಕೋಬೇಡಿ. ಇಲ್ಲೊಂದು ತಿರುವು ಇದೆ. ಅಮೆರಿಕದ ಕೃಷಿ ಇಲಾಖೆಯ ಹಳೇ ಪಟ್ಟಿ ನೋಡಿದ್ರೆ ಕಾಡು, ಅಂದ್ರೆ ಯಾರೂ ಸಾಕದೇ ತಾನೇ ಬೆಳೆದ, ಅಟ್ಲಾಂಟಿಕ್ ಸಾಲ್ಮನ್ ನೂರು ಗ್ರಾಂನಲ್ಲಿ ಕೊಬ್ಬು 6.3 ಗ್ರಾಂ, 142 ಕ್ಯಾಲೊರಿ. ಸಾಕಿದ್ದರಲ್ಲಿ ಕೊಬ್ಬು 13.4 ಗ್ರಾಂ, 208 ಕ್ಯಾಲೊರಿ. ಪ್ರೋಟೀನ್ ಎರಡರಲ್ಲೂ ಇಪ್ಪತ್ತರ ಹತ್ರ. ಕಾಡು ಮೀನು ಊಟ ಹುಡುಕ್ಕೊಂಡು ಸಾವಿರಾರು ಕಿಲೋಮೀಟರ್ ಈಜುತ್ತೆ, ಇದಕ್ಕೆ ಪೈಪಲ್ಲಿ ಊಟ ಬಂದು ಬೀಳುತ್ತೆ, ದಪ್ಪ ಆಗ್ದೆ ಇನ್ನೇನಾಗುತ್ತೆ. ಈಗ ಕೊಬ್ಬಿನಲ್ಲಿ ಒಮೆಗಾ-3ರ ಪಾಲು ಕಮ್ಮಿ ಆದ್ರೂ ಕೊಬ್ಬೇ ಎರಡರಷ್ಟು ಇರೋದ್ರಿಂದ ತಟ್ಟೆಗೆ ಬೀಳೋ ಒಟ್ಟು ಗ್ರಾಂ ಲೆಕ್ಕದಲ್ಲಿ ಸಾಕಿದ್ದು ಕಾಡು ಮೀನಿನ ಹತ್ರ ಹತ್ರ ಬಂದು ನಿಲ್ಲುತ್ತೆ, ಕೆಲವು ಸಲ ಜಾಸ್ತೀನೂ ಇರುತ್ತೆ. ಅದರ ಜೊತೆಗೆ ಒಮೆಗಾ-6 ಅನ್ನೋ, ಸಸ್ಯದ ಎಣ್ಣೇಲಿರೋ ಇನ್ನೊಂದು ಥರದ ಕೊಬ್ಬು ಕೂಡ ಜಾಸ್ತಿ ಬರುತ್ತೆ, ಕ್ಯಾಲೊರಿ ಕೂಡ. ನೂರಕ್ಕೆ ಇಷ್ಟು ಅಂತ ಹೇಳೋನೂ ಸುಳ್ಳು ಹೇಳ್ತಿಲ್ಲ, ಗ್ರಾಂ ಲೆಕ್ಕ ಹೇಳೋನೂ ಸುಳ್ಳು ಹೇಳ್ತಿಲ್ಲ, ಇಬ್ಬರೂ ತಮಗೆ ಬೇಕಾದ ಲೆಕ್ಕ ಹೇಳ್ತಿದ್ದಾರೆ. ನೀವು ಕೇಳಬೇಕಾದ್ದು ಗ್ರಾಂ ಲೆಕ್ಕ, ನೀವು ತಿನ್ನೋದು ತುಂಡನ್ನ, ಶೇಕಡಾವಾರನ್ನಲ್ಲ.

ಇಲ್ಲಿ ಮುಂದಿನ ಸಾಲಲ್ಲಿ ಕೂತಿದ್ದ ಶ್ರೀರಂಗಪಟ್ಟಣದ ಹಿರಿಯರೊಬ್ಬರು ಎದ್ದು ಕೇಳಿದ್ರು, “ಮೇಡಮ್ನೋರೆ, ಅದರ ಬಣ್ಣ ಇಂಜೆಕ್ಷನ್ ಕೊಟ್ಟು ಮಾಡ್ತಾರಂತಲ್ಲ, ನಮ್ಮ ಹುಡುಗ ಫೋನಲ್ಲಿ ತೋರಿಸ್ದ.”

ಇಂಜೆಕ್ಷನ್ ಇಲ್ಲ ಯಜಮಾನ್ರೇ. ಕಾಡು ಸಾಲ್ಮನ್‌ಗೆ ಆ ಬಣ್ಣ ಬರೋದು ಸಣ್ಣ ಸೀಗಡಿ ಜಾತಿಯ ಜೀವಿಗಳನ್ನ ತಿಂದು, ಅದರಲ್ಲಿ ಅಸ್ಟಾಕ್ಸಾಂಥಿನ್ ಅಂತ ಒಂದು ಬಣ್ಣದ ವಸ್ತು ಇರುತ್ತೆ, ಕ್ಯಾರೆಟ್ ಬಣ್ಣದ ನೆಂಟ. ಸಾಕೋರು ಅದೇ ವಸ್ತುನ ಮೇವಲ್ಲಿ ಹಾಕ್ತಾರೆ, ಹೆಚ್ಚಾಗಿ ಫ್ಯಾಕ್ಟರೀಲಿ ಮಾಡಿದ್ದು. ಹಾಕದಿದ್ರೆ ಮಾಂಸ ಬೂದು ಬಣ್ಣಕ್ಕೆ ತಿರುಗುತ್ತೆ, ಯಾರೂ ಕೊಳ್ಳಲ್ಲ. ಅದರಿಂದ ತೊಂದರೆ ಏನಿಲ್ಲ, ಆದ್ರೆ ಬಣ್ಣ ಗಾಢ ಇದೆ ಅಂತ ಸತ್ವ ಜಾಸ್ತಿ ಅನ್ಕೊಂಡು ಹೆಚ್ಚು ದುಡ್ಡು ಕೊಡ್ಬೇಡಿ.

ವಿಟಮಿನ್ ಡಿ ಕಥೇನೂ ಸ್ವಲ್ಪ ಹಿಂಗೇ. 2007ರಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿದಾಗ ಸಾಕಿದ ಸಾಲ್ಮನಲ್ಲಿ ಕಾಡು ಸಾಲ್ಮನಲ್ಲಿ ಇರೋದರ ಕಾಲು ಭಾಗದಷ್ಟೇ ಸಿಕ್ತು. ಸೆಲೆನಿಯಂ ಅಯೋಡಿನ್ ಎಲ್ಲಾ ಮೇವಿನ ಚೀಲದಲ್ಲಿ ಏನಿದೆಯೋ ಅದನ್ನೇ ಹಿಂಬಾಲಿಸ್ತವೆ, ಅದರ ಬಗ್ಗೆ ಹೆಚ್ಚು ಹೇಳಲ್ಲ.

ವಿಷದ ಪ್ರಶ್ನೆ ಮಾತ್ರ ಬಿಡೋ ಹಂಗಿಲ್ಲ, ಯಾಕಂದ್ರೆ ಫೋನಲ್ಲಿ ಹೆಚ್ಚು ಓಡಾಡೋದು ಅದೇ. 2004ರ ಜನವರೀಲಿ ‘ಸೈನ್ಸ್’ ಪತ್ರಿಕೇಲಿ ಒಂದು ದೊಡ್ಡ ಅಧ್ಯಯನ ಬಂತು, ಸುಮಾರು ಏಳುನೂರು ಸಾಲ್ಮನ್ ಪರೀಕ್ಷೆ ಮಾಡಿದ್ರು, ಸಾಕಿದ್ದರಲ್ಲಿ ಪಿಸಿಬಿ, ಡಯಾಕ್ಸಿನ್ ಥರದ ಕೈಗಾರಿಕಾ ವಿಷಗಳು ಕಾಡು ಮೀನಿಗಿಂತ ಜಾಸ್ತಿ ಇವೆ ಅಂತ. ಪ್ರಪಂಚಾನೇ ಗಾಬರಿ ಆಯ್ತು. ಆ ವಿಷ ಎಲ್ಲಿಂದ ಬಂತು ಅಂದ್ರೆ ಮೀನೆಣ್ಣೆಯಿಂದಾನೇ, ಇವು ಕೊಬ್ಬಲ್ಲಿ ಕರಗೋ ವಸ್ತುಗಳು, ಯೂರೋಪಿನ ಸಮುದ್ರದ ಸಣ್ಣ ಮೀನಿನ ಕೊಬ್ಬಲ್ಲಿ ಇದ್ದಿದ್ದು ಎಣ್ಣೆಗೆ ಬಂತು, ಎಣ್ಣೆಯಿಂದ ಸಾಲ್ಮನ್‌ಗೆ ಬಂತು. ಆಮೇಲೆ ಮೇವಲ್ಲಿ ಮೀನೆಣ್ಣೆ ಕಮ್ಮಿ ಆಯ್ತು, ಎಣ್ಣೇನ ಶುದ್ಧ ಮಾಡೋದೂ ಶುರುವಾಯ್ತು. 2017ರಲ್ಲಿ ನಾರ್ವೆ ವಿಜ್ಞಾನಿಗಳು ಮತ್ತೆ ಹೋಲಿಸಿ ನೋಡಿದ್ರೆ ಲೆಕ್ಕ ಉಲ್ಟಾ, ಸಾಕಿದ ಅಟ್ಲಾಂಟಿಕ್ ಸಾಲ್ಮನಲ್ಲೇ ಈ ವಿಷಗಳು ಕಾಡು ಮೀನಿಗಿಂತ ಕಮ್ಮಿ, ಪಾದರಸಾನೂ ಕಮ್ಮಿ. ಅದೇ ಪ್ರಬಂಧದಲ್ಲೇ ಡಿಎಚ್‌ಎ ಕೂಡ ಕಮ್ಮಿ ಅಂತ ಬರೆದಿದ್ದಾರೆ. ಗಮನಿಸಿದ್ರಾ, ವಿಷ ಇಳಿಸಿದ್ದೂ ಅದೇ ಬದಲಾವಣೆ, ಸತ್ವ ಇಳಿಸಿದ್ದೂ ಅದೇ ಬದಲಾವಣೆ. 2004ರ ಸುದ್ದಿ ಹಿಡ್ಕೊಂಡು ಇವತ್ತಿನ ಮೀನನ್ನ ಬೈಯೋದೂ ತಪ್ಪು, 2006ರ ಒಮೆಗಾ-3 ಲೆಕ್ಕ ಹಿಡ್ಕೊಂಡು ಇವತ್ತಿನ ಮೀನನ್ನ ಮಾರೋದೂ ತಪ್ಪು.

ಆಂಟಿಬಯಾಟಿಕ್ ಬಗ್ಗೆ ಒಂದೇ ಮಾತು. ಸಾಕಣೆ ಅಂದ್ರೆ ಎಲ್ಲಾ ಕಡೆ ಒಂದೇ ಅಲ್ಲ. ನಾರ್ವೆಯೋರು ಮೀನುಮರಿಗೆ ಲಸಿಕೆ ಹಾಕೋದು ಶುರು ಮಾಡಿದ ಮೇಲೆ ಆಂಟಿಬಯಾಟಿಕ್ ಬಳಕೆ ಹೆಚ್ಚುಕಮ್ಮಿ ನಿಂತೇ ಹೋಗಿದೆ, ಚಿಲಿ ದೇಶದಲ್ಲಿ ಈಗಲೂ ವರ್ಷಕ್ಕೆ ನೂರಾರು ಟನ್ ಹೋಗುತ್ತೆ. ಪ್ಯಾಕೆಟ್ ಹಿಂದೆ ಯಾವ ದೇಶ ಅಂತ ಸಣ್ಣಕ್ಷರದಲ್ಲಿ ಬರೆದಿರ್ತಾರೆ, ಕನ್ನಡಕ ಹಾಕ್ಕೊಂಡು ಓದಿ.

ಈಗ ನಮ್ಮ ದೇಶಕ್ಕೆ ಬರೋಣ. ಸಾಲ್ಮನ್ ನಮ್ಮ ಬಿಸಿ ನೀರಲ್ಲಿ ಬದುಕಲ್ಲ. ನಮ್ಮಲ್ಲಿ ಸಾಕೋದು ಸೀಬಾಸ್, ಬಂಗಾಳದೋರು ಭೆಟ್ಕಿ ಅಂತಾರೆ ಕೇರಳದೋರು ಕಾಳಾಂಜಿ ಅಂತಾರೆ, ಆಮೇಲೆ ಕೋಬಿಯಾ, ಸಿಲ್ವರ್ ಪೊಂಪಾನೊ. ಚೆನ್ನೈನ ಸಿಬಾ ಅನ್ನೋ ಉಪ್ಪುನೀರು ಮೀನು ಸಾಕಣೆ ಸಂಶೋಧನಾ ಸಂಸ್ಥೆ 1997ರಲ್ಲಿ ಸೀಬಾಸ್ ಮರಿ ಮಾಡಿಸ್ತು, ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐನೋರು 2007ರಲ್ಲಿ ವಿಶಾಖಪಟ್ಟಣದಲ್ಲಿ ಸಮುದ್ರಕ್ಕೆ ಪಂಜರ ಇಳಿಸಿದ್ರು, ಅವರದ್ದೇ ಮಂಡಪಂ ಕೇಂದ್ರದಲ್ಲಿ 2010ರಲ್ಲಿ ಕೋಬಿಯಾ 2011ರಲ್ಲಿ ಪೊಂಪಾನೊ ಮರಿ ಆಯ್ತು. ಕಾರವಾರ, ಬೈಂದೂರು ಕಡೆ ಅಳಿವೆಗಳಲ್ಲಿ ಈಗ ಪಂಜರಗಳನ್ನ ನೀವೇ ನೋಡ್ಬೋದು, ಸ್ಕೂಲ್ ಟ್ರಿಪ್ ಕರ್ಕೊಂಡು ಹೋಗೋ ಮೇಷ್ಟ್ರುಗಳು ದೇವಸ್ಥಾನದ ಜೊತೆ ಇದನ್ನೂ ತೋರಿಸಿ.

ನಮ್ಮ ಪಂಜರಗಳಲ್ಲಿ ಎಷ್ಟೋ ಕಡೆ ಕಂಪನಿ ಮೇವು ಹಾಕಲ್ಲ, ಹಾಕಿದ್ರೂ ಪೂರ್ತಿ ಹಾಕಲ್ಲ, ದುಬಾರಿ. ಬದಲಿಗೆ ಬೋಟಲ್ಲಿ ಬಂದ ಸಣ್ಣ ಮೀನು, ಬೂತಾಯಿ ಮರಿ, ಮಾರಾಟ ಆಗದ್ದು, ಅದನ್ನ ಕತ್ತರಿಸಿ ಹಾಕ್ತಾರೆ. ಪೌಷ್ಟಿಕತೆ ಒಂದೇ ನೋಡಿದ್ರೆ ಸೂಪರ್, ಆ ಸೀಬಾಸ್ ಕೊಬ್ಬಲ್ಲಿ ಸಮುದ್ರದ ಒಮೆಗಾ-3 ಚೆನ್ನಾಗಿ ಕೂರುತ್ತೆ, ಸೋಯಾ ತಿಂದ ಮೀನಿಗಿಂತ ಎಷ್ಟೋ ವಾಸಿ. ಆದ್ರೆ ಒಂದು ಕೆಜಿ ಸೀಬಾಸ್‌ಗೆ ಎಷ್ಟೋ ಕೆಜಿ ಸಣ್ಣ ಮೀನು ಹೋಯ್ತಲ್ಲ, ಅದನ್ನ ಯಾರಾದ್ರೂ ನೇರ ಸಾರು ಮಾಡ್ಕೊಂಡು ತಿಂದಿದ್ರೆ?

ಇದು ನನ್ನ ತಲೇಲಿ ಯಾವಾಗ್ಲೂ ಕೊರೀತಾ ಇರೋ ವಿಷಯ. ನಮ್ಮ ಕರಾವಳೀಲಿ ಉಳ್ಳಾಲದಿಂದ ಹಿಡಿದು ಮೇಲಕ್ಕೆ ಫಿಶ್ ಮೀಲ್ ಫ್ಯಾಕ್ಟರಿಗಳಿವೆ, ಬೂತಾಯಿ ಲೋಡುಗಟ್ಟಲೆ ಅಲ್ಲಿಗೆ ಹೋಗುತ್ತೆ, ಪುಡಿ ಆಗುತ್ತೆ ಎಣ್ಣೆ ಆಗುತ್ತೆ, ಸೀಗಡಿ ಮೇವಿಗೆ ಹೋಗುತ್ತೆ, ಹೊರದೇಶಕ್ಕೂ ಹೋಗುತ್ತೆ. ಬಡವರು ತಿಂತಿದ್ದ ಒಮೆಗಾ-3 ಹೀಗೆ ಒಂದು ಸುತ್ತು ಹಾಕಿ ಇನ್ನೊಂದು ಮೀನಿನ ಹೊಟ್ಟೆ ಸೇರಿ, ದಾರೀಲಿ ಅಷ್ಟು ಸೋರಿ, ದುಡ್ಡಿರೋರ ತಟ್ಟೆಗೆ ವಾಪಸ್ ಬರುತ್ತೆ. ಬೂತಾಯಿಯೋ ನಂಬೋ ಹಂಗಿಲ್ಲದ ಮೀನು. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ ಹತ್ರ ಸಿಕ್ಕಿದ್ದು 2021ರಲ್ಲಿ 3,297 ಟನ್‌ಗೆ ಕುಸೀತು, ಸಮುದ್ರದ ಬಿಸಿ, ಪೆಸಿಫಿಕ್ ಸಾಗರ ಕೆಲವು ವರ್ಷಕ್ಕೊಮ್ಮೆ ಬಿಸಿಯಾಗೋ ಎಲ್ ನಿನೊ, ಮರಿ ಮೀನನ್ನೂ ಬಾಚ್ಕೊಂಡಿದ್ದು ಎಲ್ಲಾ ಸೇರಿ. ಮರಿ ಬೂತಾಯೀನ ಮನೆಗೆ ಯಾರು ಕೊಳ್ತಾರೆ ಹೇಳಿ, ಅದು ಹೋಗೋದೇ ಫ್ಯಾಕ್ಟರಿಗೆ.

ಮೀನೆಣ್ಣೆಗೆ ಬದಲಿ ಹುಡುಕ್ತಾ ಇದ್ದಾರೆ. ಬುಡಕ್ಕೇ ಹೋಗಿ, ಒಮೆಗಾ-3 ಮಾಡೋದು ಪಾಚಿ ತಾನೆ, ಆ ಪಾಚೀನೇ ದೊಡ್ಡ ಟ್ಯಾಂಕುಗಳಲ್ಲಿ ಬೆಳೆಸಿ ಎಣ್ಣೆ ತೆಗೆದು ಮೇವಿಗೆ ಹಾಕೋದು ಈಗಾಗ್ಲೇ ಶುರುವಾಗಿದೆ, ದುಬಾರಿ ಆದ್ರೂ ಇದೇ ಸರಿ ದಾರಿ ಅಂತ ನನ್ನ ಅಭಿಪ್ರಾಯ. ಇನ್ನೊಂದು ಉಪಾಯ ಅಂದ್ರೆ ಮೀನು ಬೆಳೆಯೋ ತನಕ ಸಸ್ಯದ ಎಣ್ಣೆ ಕೊಟ್ಟು ಹಿಡಿಯೋ ಮುಂಚಿನ ಕೆಲವು ತಿಂಗಳು ಮಾತ್ರ ಮೀನೆಣ್ಣೆ ಮೇವು ಕೊಡೋದು, ಕೊಬ್ಬು ಬೇಗ ಬದಲಾಗೋ ಗುಣಾನೇ ಇಲ್ಲಿ ಉಪಯೋಗಕ್ಕೆ ಬರುತ್ತೆ.

ಮೇವೇ ಬೇಡದ ಸಾಕಣೇನೂ ಇದೆ, ಅದನ್ನ ಯಾರೂ ಹೊಗಳಲ್ಲ. ಪಚ್ಚಿಲೆ, ಮಂಗಳೂರು ಕಡೆಯ ಹಸಿರು ಚಿಪ್ಪು. ಹಗ್ಗಕ್ಕೆ ಮರಿ ಕಟ್ಟಿ ಅಳಿವೇಲಿ ಇಳಿಬಿಟ್ರೆ ನೀರಲ್ಲಿರೋ ಪಾಚೀನ ತಾನೇ ಸೋಸ್ಕೊಂಡು ತಿಂದು ಬೆಳೆಯುತ್ತೆ. ಸಾಕಿದ್ದೋ ಬಂಡೆಯಿಂದ ಕಿತ್ತಿದ್ದೋ ಸತ್ವದಲ್ಲಿ ಅಂಥಾ ವ್ಯತ್ಯಾಸ ಇರಲ್ಲ, ಊಟ ಅದೇ ಅಲ್ವಾ. ನೀರು ಮಾತ್ರ ಚೊಕ್ಕ ಇರ್ಬೇಕು, ಅದು ಸೋಸೋವಾಗ ಕೊಳೇನೂ ಸೋಸ್ಕೊಳ್ಳುತ್ತೆ. ನಮ್ಮ ಮಂಡ್ಯದಲ್ಲಿ ಚಿಪ್ಪು ಕೊಟ್ರೆ ಎಷ್ಟು ಜನ ತಿಂತೀರೋ ಗೊತ್ತಿಲ್ಲ, ನಗ್ತಾ ಇದ್ದೀರಿ.

ಆಮೇಲೆ ಪ್ರಶ್ನೆಗಳು ಶುರುವಾದ್ವು. ಒಬ್ಬ ಹುಡುಗ, ಜಿಮ್‌ಗೆ ಹೋಗೋನು ಅನ್ಸುತ್ತೆ ತೋಳು ನೋಡಿದ್ರೆ, “ಮೇಡಮ್ ಬಾಸಾ ಹೇಗೆ, ಮುಳ್ಳಿಲ್ಲ, ರೇಟೂ ಕಮ್ಮಿ” ಅಂದ. ಬಾಸಾ ಸಮುದ್ರದ ಮೀನಲ್ಲಪ್ಪ, ವಿಯೆಟ್ನಾಮಲ್ಲಿ ಮೆಕಾಂಗ್ ನದಿ ಕಡೆ ಹೊಂಡದಲ್ಲಿ ಬೆಳೆಸೋ ಸಿಹಿನೀರಿನ ಮೀನು, ನಮ್ಮಲ್ಲೂ ಅದರ ಬಳಗದ್ದು ಸಾಕ್ತಾರೆ. ಪ್ರೋಟೀನ್‌ಗೆ ಅಂತ ತಿನ್ನೋದಾದ್ರೆ ತಿನ್ನು, ಆದ್ರೆ ಕೊಬ್ಬೂ ಕಮ್ಮಿ, ಒಮೆಗಾ-3 ಅಂತೂ ಹೆಸರಿಗೆ ಮಾತ್ರ. ಫಿಲೆಟ್‌ನ ಫಾಸ್ಫೇಟ್ ನೀರಲ್ಲಿ ನೆನೆಸಿ ತೂಕ ಹೆಚ್ಚಿಸೋದೂ ಇದೆ, ಬಾಣಲೇಲಿ ಹಾಕಿದ್ ತಕ್ಷಣ ನೀರು ಬಿಟ್ಟು ಅರ್ಧ ಆದ್ರೆ ನೀನು ನೀರಿಗೆ ದುಡ್ಡು ಕೊಟ್ಟಿದ್ದೀಯ ಅಂತ ತಿಳ್ಕೋ.

“ನಮ್ಮ ಕೆಆರ್‌ಎಸ್ ಕಾಟ್ಲಾ?” ಅಂತ ಹಿಂದಿನಿಂದ ಯಾರೋ ಕೂಗಿದ್ರು. ಒಳ್ಳೆ ಮೀನು, ತಾಜಾ ಸಿಗುತ್ತೆ, ಪ್ರೋಟೀನ್‌ಗೆ ಮೋಸ ಇಲ್ಲ, ಕೊಬ್ಬು ನೂರಕ್ಕೆ ಎರಡು ಮೂರರ ಆಸುಪಾಸು, ಅದರಲ್ಲಿ ಡಿಎಚ್‌ಎ ಸ್ವಲ್ಪ ಇದೆ, ಬೂತಾಯಿ ಲೆವೆಲ್ಲಿಗೆ ಇಲ್ಲ. ವಾರಕ್ಕೆ ಎರಡು ಸಲ ಮೀನು ತಿನ್ನೋ ಮನೆ ಆದ್ರೆ ಒಂದು ಸಲ ಕಾಟ್ಲಾನೋ ರೋಹೂನೋ, ಒಂದು ಸಲ ಬೂತಾಯಿ ಇಲ್ಲಾ ಬಂಗುಡೆ, ನಾನು ಹೇಳೋದು ಅಷ್ಟೇ. ದೊಡ್ಡೋರಿಗೆ ದಿನಕ್ಕೆ 250 ಮಿಲಿಗ್ರಾಂ ಇಪಿಎ ಡಿಎಚ್‌ಎ ಆದ್ರೂ ಇರ್ಲಿ ಅಂತ ಎಫ್‌ಎಒ ಹೇಳುತ್ತೆ, ಸೀಸನ್ ಬೂತಾಯಿ ನೂರು ಗ್ರಾಂ ತಿಂದ್ರೆ ಒಂದು ಗ್ರಾಂಗೂ ಮೇಲೆ ಸಿಗುತ್ತೆ, ಲೆಕ್ಕ ನೀವೇ ಹಾಕಿ. ಬೂತಾಯೀಲಿ ಇನ್ನೊಂದು ಲಾಭ, ಚೆನ್ನಾಗಿ ಬೆಂದ್ರೆ ಸಣ್ಣ ಮುಳ್ಳನ್ನೂ ಅಗಿದು ತಿನ್ಬೋದು, ಕ್ಯಾಲ್ಸಿಯಂ ಬರುತ್ತೆ, ಸಾಲ್ಮನ್ ಫಿಲೆಟಲ್ಲಿ ಮುಳ್ಳೆಲ್ಲಿದೆ.

ಒಬ್ಬರು ಮೇಷ್ಟ್ರು ನಾವು ಮೀನು ತಿನ್ನಲ್ಲ, ಅಗಸೆ ಚಟ್ನಿಪುಡಿ ತಿಂದ್ರೆ ಆಗಲ್ವಾ ಅಂದ್ರು. ತಿನ್ನಿ ಸಾರ್, ಒಳ್ಳೇದು, ಆದ್ರೆ ಅಗಸೇಲಿರೋದು ಬೇರೆ ಥರದ ಒಮೆಗಾ-3, ಅದನ್ನ ನಮ್ಮ ದೇಹ ಡಿಎಚ್‌ಎ ಆಗಿ ಬದಲಾಯಿಸೋದು ಬಹಳ ಬಹಳ ಕಮ್ಮಿ, ಈ ವಿಷಯದಲ್ಲಿ ನಾವೂ ಸೀಬಾಸ್ ಥರಾನೇ ಸೋಮಾರಿಗಳು. ಪಾಚಿ ಎಣ್ಣೆ ಕ್ಯಾಪ್ಸೂಲ್ ಸಿಗುತ್ತೆ, ಅದರಲ್ಲಿ ಮೀನಿಲ್ಲ.

ಅಡುಗೆ ಬಗ್ಗೆ ಹೆಣ್ಮಕ್ಕಳು ಕೇಳಿದ್ರು, ಗಂಡಸರು ಯಾರೂ ಕೇಳ್ಲಿಲ್ಲ, ಇರ್ಲಿ. ಎಣ್ಣೇಲಿ ಮುಳುಗಿಸಿ ಕರಿದ್ರೆ ಮೀನಿನ ಕೊಬ್ಬು ಸ್ವಲ್ಪ ಆಚೆ ಹೋಗುತ್ತೆ, ಬಾಣಲೆ ಎಣ್ಣೆ ಒಳಗೆ ಬರುತ್ತೆ, ಕೊಬ್ಬು ಕಮ್ಮಿ ಇರೋ ಮೀನಲ್ಲಂತೂ ಕೊನೆಗೆ ಹೆಚ್ಚು ಉಳಿಯೋದು ಸನ್‌ಫ್ಲವರ್ ಎಣ್ಣೇನೇ. ಸಾರು ಮಾಡಿದ್ರೆ ಬಿಟ್ಟ ಕೊಬ್ಬು ಸಾರಲ್ಲೇ ಇರುತ್ತೆ, ಅದನ್ನ ಮುದ್ದೆ ಜೊತೆ ಪೂರ್ತಿ ಮುಗಿಸ್ತೀರಲ್ಲ, ಈ ವಿಷಯದಲ್ಲಿ ಮಂಡ್ಯದೋರಿಗೆ ನಾನು ಹೇಳಿಕೊಡೋದು ಏನೂ ಇಲ್ಲ. ಫ್ರೀಜ್ ಮಾಡಿದ್ರೆ ಸತ್ವ ಹೋಗಲ್ಲ, ಆದ್ರೆ ಕೊಬ್ಬಿನ ಮೀನನ್ನ ಮನೆ ಫ್ರೀಜರಲ್ಲಿ ಎರಡು ಮೂರು ತಿಂಗಳ ಮೇಲೆ ಇಟ್ರೆ ಕಮಟು ವಾಸನೆ ಬರುತ್ತೆ.

ಕೊನೇಲಿ ಒಬ್ಬಾಕೆ, ಬಸುರಿ, ಎಲ್ಲರೂ ಹೊರಟ ಮೇಲೆ ಹತ್ರ ಬಂದು ಕೇಳಿದ್ರು, ಮನೇಲಿ ಅತ್ತೆ ಮೀನು ಬೇಡ ಅಂತಾರೆ ಅಕ್ಕ, ತಿನ್ಬೋದಾ ಅಂತ. ತಿನ್ನಮ್ಮ, ಮಗುವಿನ ಮೆದುಳು ಕಣ್ಣು ಕಟ್ಟೋದಕ್ಕೆ ಡಿಎಚ್‌ಎ ಬೇಕು, ಪಾದರಸ ಕಮ್ಮಿ ಇರೋ ಮೀನನ್ನ ವಾರಕ್ಕೆ ಎರಡು ಮೂರು ಸಲ ಬಸುರಿಯರು ತಿನ್ಬೇಕು ಅಂತ ಅಮೆರಿಕದ ಸರ್ಕಾರಾನೇ ಹೇಳುತ್ತೆ, ಅವರ ಒಳ್ಳೆ ಮೀನಿನ ಪಟ್ಟೀಲಿ ಸಾಕಿದ ಸಾಲ್ಮನ್ನೂ ಬರುತ್ತೆ, ಬೂತಾಯಿ ಬಳಗದ ಸಾರ್ಡಿನ್ನೂ ಇದೆ. ಶಾರ್ಕ್, ಆಮೇಲೆ ಬೇರೆ ಮೀನನ್ನ ತಿಂದು ವರ್ಷಗಟ್ಟಲೆ ಬದುಕೋ ದೊಡ್ಡ ದೊಡ್ಡ ಮೀನು, ಅದು ಬೇಡ, ಹಸಿದೂ ಬೇಡ. ಸಾಲ್ಮನ್‌ಗೆ ಸಾವಿರಗಟ್ಟಲೆ ಸುರಿಯೋದು ಬೇಡ, ಬೂತಾಯಿ ಕಣ್ಣು ಹೊಳೀತಾ ಇದ್ರೆ ತಗೋ, ಹೊಟ್ಟೆ ಒಡೆದಿದ್ರೆ ಬಿಡು ಅಂದೆ. ಅತ್ತೇನೂ ಮುಂದಿನ ಸಲ ಕರ್ಕೊಂಡು ಬಾ ಅಂತಾನೂ ಹೇಳಿದೀನಿ.